ಗಂಧದ ಹಾದಿ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ತಾಳ್ಯ ಎಂಬ ಊರಿದೆ. ಬಯಲುಸೀಮೆಯ ಈ ಭಾಗದ ಒಕ್ಕಲುತನ ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡದ್ದು. ಬೇಸಗೆಯ ಕೊನೆಯ ದಿನಗಳಲ್ಲಿ ಬರಿದಾದ ಹೊಲಗಳ ಮೇಲೆ ಬಿಸಿಗಾಳಿ ಸುಳಿದಾಡುತ್ತಿರುತ್ತದೆ. ಅಂಥ ಒಂದು ಸಂಜೆ ಎಲ್ಲಿಯೋ ಒಂದು ಹರದಾರಿಯಾಚೆ ಮಳೆ ಬಿದ್ದಿರುತ್ತದೆ. ಜಗಲಿಯ ಮೇಲೆ ಕುಳಿತ ಮುದುಕನಿಗೆ ಆ ಮಳೆ ಕಾಣಿಸುವುದಿಲ್ಲ. ಅದರ ಸದ್ದೂ ಕೇಳಿಸುವುದಿಲ್ಲ. ಗಾಳಿ ದಿಕ್ಕು ಬದಲಿಸುತ್ತದೆ. ಮುದುಕ ತಟ್ಟನೆ ತಲೆಯೆತ್ತಿ, "ಮೂಡಲ ಕಡೆ ಮಳೆ ಬಿತ್ತು ಕಣಪ್ಪ" ಎನ್ನುತ್ತಾನೆ. ಮಗ ಎದ್ದು ಕೊಟ್ಟಿಗೆಯ ಮೂಲೆಯಲ್ಲಿದ್ದ ಕುಂಟೆ, ಕೂರಿಗೆಗಳನ್ನು ಹೊರಗೆ ತೆಗೆಯುತ್ತಾನೆ. ಬಿತ್ತನೆಯ ಬೀಜದ ಲೆಕ್ಕಾಚಾರ ಮನೆಯೊಳಗೆ ಆರಂಭವಾಗುತ್ತದೆ.

ಇಷ್ಟೆಲ್ಲ ನಡೆದದ್ದು ಒಂದು ವಾಸನೆಯಿಂದ. ಗಾಳಿಯಲ್ಲಿ ತೇಲಿ ಬಂದದ್ದು ಕಣ್ಣಿಗೆ ಕಾಣದ ಒಂದು ದ್ರವ್ಯ. ಅದರ ಫಲವಾಗಿ ನಡೆದದ್ದು ಒಂದು ಕುಟುಂಬದ ಕೆಲಸ. ಇವೆರಡರ ನಡುವೆ ಒಂದು ಹಾದಿ ಇರಲೇಬೇಕು. ಆ ಹಾದಿ ಮೂಗಿನಲ್ಲಿ ತೊಡಗಿ, ಮಿದುಳನ್ನು ಹಾಯ್ದು, ನಡೆನುಡಿಗಳಲ್ಲಿ ಕೊನೆಗಾಣುತ್ತದೆ. ಪಂಚೇಂದ್ರಿಯಗಳಲ್ಲಿ ಕಣ್ಣು ಕಿವಿಗಳಿಗೆ ಸಿಕ್ಕ ಮನ್ನಣೆ ಮೂಗಿಗೆ ಸಿಕ್ಕಿರಲಿಲ್ಲ. ಆದಕಾರಣ ಆ ಹಾದಿಯ ಪರಿಚಯವೂ ತಡವಾಗಿಯೇ ಆಯಿತು.

ಮೊದಲು, ಗಾಳಿಯಲ್ಲಿ ಬಂದದ್ದೇನು ಎಂಬುದನ್ನು ನೋಡಬೇಕು. ಯಾವುದೇ ವಸ್ತುವಿಗೆ ವಾಸನೆಯಿರಬೇಕಾದರೆ ಅದರ ಅಣುಗಳು ಹಗುರಾಗಿ ಗಾಳಿಯಲ್ಲಿ ಸೇರಿಕೊಳ್ಳಬೇಕು. ಕಬ್ಬಿಣದ ಸಲಾಕೆಗೆ ತನ್ನಷ್ಟಕ್ಕೆ ವಾಸನೆ ಇಲ್ಲವೆಂದೇ ಹೇಳಬಹುದು. ಮಲ್ಲಿಗೆಯ ಮೊಗ್ಗಿಗೆ ಇದೆ. ಮಳೆ ಬಿದ್ದ ಮಣ್ಣಿನ ಕಂಪಿಗೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಒಣಗಾಲದಲ್ಲಿ ಗಿಡಮರಗಳಿಂದ ಹೊರಟು ಕಲ್ಲುಮಣ್ಣುಗಳಲ್ಲಿ ಇಂಗಿದ ತೈಲಾಂಶಗಳು ಅದರಲ್ಲಿರುತ್ತವೆ. ಅವುಗಳೊಡನೆ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ 'ಜಿಯೋಸ್ಮಿನ್' ಎಂಬ ದ್ರವ್ಯವೂ ಬೆರೆತಿರುತ್ತದೆ. ಹನಿಯೊಂದು ಒಣನೆಲಕ್ಕೆ ಬಡಿದಾಗ ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಗುಳ್ಳೆಗಳಾಗಿ ಮೇಲೆದ್ದು ಒಡೆಯುತ್ತದೆ. ಒಡೆದ ಗುಳ್ಳೆಗಳಿಂದ ಚಿಮ್ಮುವ ತುಂತುರಿನೊಡನೆ ಗಂಧದ ಅಣುಗಳು ಗಾಳಿಗೆ ಸೇರುತ್ತವೆ. ಮನುಷ್ಯನ ಮೂಗು ಜಿಯೋಸ್ಮಿನ್ನಿನ ವಿಷಯದಲ್ಲಿ ಬಹು ಚುರುಕು. ನೂರು ಕೋಟಿ ಭಾಗ ನೀರಿನಲ್ಲಿ ಅದು ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗಿಗೆ ಗೊತ್ತಾಗುತ್ತದೆ. ಉತ್ತರಪ್ರದೇಶದ ಕನ್ನೌಜಿನ ಅತ್ತರಿನ ಕುಶಲಿಗಳು ಈ ಮಣ್ಣಿನ ಕಂಪನ್ನೇ ಬಟ್ಟಿಯಿಳಿಸಿ ಸೀಸೆಗಳಲ್ಲಿ ತುಂಬಿ ಮಾರುವರು.

ಇನ್ನು ಮೂಗಿನ ವಿಷಯ. ಹೊರಗೆ ಕಾಣುವ ಮೂಗು ಗಾಳಿಯ ಬಾಗಿಲು ಮಾತ್ರ. ಒಳಗೆ ನಾಸಿಕ ಕುಹರದ ಮೇಲ್ಛಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರಿನಷ್ಟು ತೇವದ ಪೊರೆಯೊಂದಿದೆ. ಲಕ್ಷಗಟ್ಟಲೆ ಘ್ರಾಣ ನರಕೋಶಗಳು ಈ ಪೊರೆಯಲ್ಲಿ ಒತ್ತಾಗಿ ನಿಂತಿವೆ. ಪ್ರತಿಯೊಂದು ಕೋಶದ ಕೆಳತುದಿಯಿಂದ ನವಿರಾದ ರೋಮಗಳು ಹೊರಟು ಲೋಳೆಯಲ್ಲಿ ಚಾಚಿಕೊಂಡಿರುತ್ತವೆ. ದೇಹದ ಇತರ ನರಕೋಶಗಳು ಮೂಳೆ, ಚರ್ಮಗಳ ಮರೆಯಲ್ಲಿ ಸುರಕ್ಷಿತವಾಗಿದ್ದರೆ, ಇವು ಹೊರಗಾಳಿಗೆ ನೇರವಾಗಿ ಮೈಯೊಡ್ಡಿವೆ. ಧೂಳು, ಹೊಗೆ, ರೋಗಾಣು ಎಲ್ಲವೂ ಇವುಗಳ ಮೇಲೆಯೇ ಬಂದು ಬೀಳುತ್ತವೆ. ಆದುದರಿಂದಲೇ ಇವು ಬಹುಕಾಲ ಬಾಳುವುದಿಲ್ಲ. ಹಳೆಯವು ಸತ್ತು ಹೊಸವು ಹುಟ್ಟುವ ಕ್ರಿಯೆ ಬಾಳಿನುದ್ದಕ್ಕೂ ನಡೆದಿರುತ್ತದೆ.

ಈ ರೋಮಗಳ ಮೇಲೆ ಗಂಧದ ಅಣುಗಳನ್ನು ಹಿಡಿಯುವ 'ಗ್ರಾಹಕ'ಗಳೆಂಬ ಪ್ರೋಟೀನುಗಳಿವೆ. ಅವುಗಳನ್ನು ರೂಪಿಸುವ ವಂಶವಾಹಿಗಳನ್ನು 1991ರಲ್ಲಿ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಕಂಡುಹಿಡಿದರು. ಆ ಶೋಧಕ್ಕಾಗಿ 2004ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇಲಿಯಲ್ಲಿ ಇಂಥ ಗ್ರಾಹಕಗಳು ಸುಮಾರು 1000 ಬಗೆ. ಮನುಷ್ಯನಲ್ಲಿ ಸುಮಾರು 400 ಬಗೆ. ಒಂದು ನರಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕವಿರುತ್ತದೆ. ಒಂದು ಗಂಧ ಹಲವು ಬಗೆಯ ಗ್ರಾಹಕಗಳನ್ನು ಎಚ್ಚರಿಸಬಲ್ಲದು. ಒಂದು ಗ್ರಾಹಕವೂ ಹಲವು ಗಂಧಗಳಿಗೆ ಓಗೊಡಬಲ್ಲದು. ಸುಮಾರು ಐವತ್ತು ಅಕ್ಷರಗಳಿಂದ ಕನ್ನಡದ ಮಾತುಗಳೆಲ್ಲವೂ ಹೊರಡುವಂತೆ, ಈ 400 ಬಗೆಯ ಗ್ರಾಹಕಗಳ ಕೂಡಿಕೆಯಿಂದ ಅಸಂಖ್ಯಾತ ವಾಸನೆಗಳ ಗುರುತು ಮೂಡುತ್ತದೆ.

ಘ್ರಾಣ ಕೋಶಗಳ ಮೇಲ್ತುದಿಯಿಂದ ಹೊರಟ ತಂತುಗಳು ಜರಡಿಯಂತೆ ತೂತುಬಿದ್ದ ತೆಳ್ಳನೆಯ ಎಲುಬನ್ನು ಹಾಯ್ದು ಮಿದುಳಿನ ಕೆಳಭಾಗದಲ್ಲಿರುವ 'ಘ್ರಾಣಕಂದ'ವನ್ನು ತಲಪುತ್ತವೆ. ಅಲ್ಲಿನ ಏರ್ಪಾಡು ಬೆರಗು ಹುಟ್ಟಿಸುವಂಥದು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಲು ಊರಿಗೊಂದರಂತೆ ಗೂಡುಗಳಿರುತ್ತವೆ. ಕಾಗದ ಯಾವ ಪೆಟ್ಟಿಗೆಯಿಂದ ಬಂದಿದ್ದರೂ ತಾಳ್ಯದ ವಿಳಾಸವಿದ್ದರೆ ತಾಳ್ಯದ ಗೂಡನ್ನೇ ಸೇರುತ್ತದೆ. ಹಾಗೆಯೇ ಘ್ರಾಣಕಂದದಲ್ಲಿ ಸಣ್ಣ ಸಣ್ಣ ನರಗೂಡುಗಳಿವೆ. ಪೊರೆಯಲ್ಲಿ ಎಲ್ಲೆಲ್ಲಿ ಚದುರಿದ್ದರೂ ಒಂದೇ ಬಗೆಯ ಗ್ರಾಹಕವುಳ್ಳ ಕೋಶಗಳ ತಂತುಗಳೆಲ್ಲ ತಮಗೆ ಗೊತ್ತುಪಡಿಸಿದ ಗೂಡುಗಳಲ್ಲಿಯೇ ಬಂದು ಕೂಡುತ್ತವೆ. ಯಾವ ಯಾವ ಗೂಡುಗಳು ಒಮ್ಮೆಗೇ ಎಚ್ಚೆತ್ತುವು ಎಂಬುದೇ ಆ ಗಂಧದ ಗುರುತು.

ಇಲ್ಲಿಂದ ಮುಂದೆ ಸುದ್ದಿ ಮಿದುಳಿನ ಹಲವು ಭಾಗಗಳಿಗೆ ಹಂಚಿಹೋಗುತ್ತದೆ. ನೋಟ, ಶಬ್ದಗಳ ಸುದ್ದಿ ಮಿದುಳಿನ ನಡುವಿನ ಒಂದು ಠಾಣೆಯಲ್ಲಿ ತಂಗಿ ಬಳಿಕ ಮಿದುಳಿನ ಹೊರಪದರವನ್ನು ಸೇರುತ್ತದೆ. ವಾಸನೆಯ ಸುದ್ದಿಗೆ ಆ ಕಟ್ಟುಪಾಡಿಲ್ಲ. ಘ್ರಾಣಕಂದದಿಂದ ಅದು ನೇರವಾಗಿ ಹೊರಪದರದ ಒಂದು ಭಾಗಕ್ಕೂ ಭಯ, ಪ್ರೀತಿಗಳಂಥ ಭಾವಗಳನ್ನು ನಿರ್ವಹಿಸುವ ಭಾಗಕ್ಕೂ ಹೋಗುತ್ತದೆ. ನೆನಪನ್ನು ಕೂಡಿಡುವ ಭಾಗವೂ ಅಲ್ಲಿಗೆ ಬಹು ಸಮೀಪ. ತೀರಿಹೋದ ಅಜ್ಜಿಯ ಪೆಟ್ಟಿಗೆಯನ್ನು ತೆರೆದಾಗ ಹೊಮ್ಮುವ ಹಳೆಯ ಸೀರೆಯ ವಾಸನೆ ಅವಳನ್ನೇ ಕಣ್ಣೆದುರು ತಂದು ನಿಲ್ಲಿಸುವುದುಂಟು. ಅದಕ್ಕೆ ಈ ನೆರೆಹೊರೆಯೂ ಒಂದು ಕಾರಣ.

ಆದರೆ ಇಲ್ಲಿ ಒಂದು ಕಠಿನ ಪ್ರಶ್ನೆ ಉಳಿಯುತ್ತದೆ. ಒಂದು ವಾಸನೆ ಹಿತವೆಂದೂ ಇನ್ನೊಂದು ಹೇಸಿಗೆಯೆಂದೂ ನಿರ್ಣಯಿಸುವವರು ಯಾರು? ಆ ಗುಣ ಗಂಧದ ಅಣುವಿನಲ್ಲಿಯೇ ಇದೆಯೆ, ಅಥವಾ ಅದನ್ನು ಹಿಡಿದ ಜೀವಿಯಲ್ಲಿದೆಯೆ? ಮನುಷ್ಯನ ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಅಂಥ ಕಾಡಿನಲ್ಲಿ ಒಂದು ಕಾಲುದಾರಿಯನ್ನು ಹುಡುಕುವುದು ಸುಲಭವಲ್ಲ. ಆದುದರಿಂದ ವಿಜ್ಞಾನಿಗಳು ಕಿರಿದಾದ ಮಿದುಳಿನ ಜೀವಿಗಳತ್ತ ತಿರುಗಿದರು. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಎಳ್ಳುಕಾಳಿನಷ್ಟು ಗಾತ್ರದ ನೊಣವನ್ನು ಕಾಣದವರಿಲ್ಲ. ಡ್ರಾಸೊಫಿಲ ಎಂಬ ಹೆಸರಿನ ಈ ಹಣ್ಣಿನ ನೊಣವೇ ಗಂಧದ ಹಾದಿಯನ್ನು ತೋರಿಸಿಕೊಟ್ಟ ಮುಖ್ಯ ಗುರು.

ಭಾರತದಲ್ಲಿ ಈ ಗುರುವಿನ ಬಳಿ ಮೊದಲು ಕುಳಿತವರಲ್ಲಿ ಒಬೈದ್ ಸಿದ್ದಿಖಿ ಅಗ್ರಗಣ್ಯರು. ಉತ್ತರಪ್ರದೇಶದಲ್ಲಿ 1932ರಲ್ಲಿ ಜನಿಸಿದ ಅವರು 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಅಲ್ಲಿ ಜೀವವಿಜ್ಞಾನದ ವಿಭಾಗವನ್ನು ಕಟ್ಟಿದರು. ಕೀನ್ಯಾ ದೇಶದಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಓದಿದ ವೆರೋನಿಕಾ ರೊಡ್ರಿಗಸ್ ಎಂಬ ತರುಣಿ 1970ರ ದಶಕದ ಉತ್ತರಾರ್ಧದಲ್ಲಿ ಅವರ ಬಳಿ ಸಂಶೋಧನೆಗೆ ಬಂದರು. ಗುರುಶಿಷ್ಯರ ಉಪಕರಣ ಸರಳವಾದುದು: ಎರಡು ಕವಲುಗಳಾಗಿ ಒಡೆಯುವ ಗಾಜಿನ ಕೊಳವೆ. ಒಂದು ಕವಲಿನಲ್ಲಿ ಗಂಧದ ಗಾಳಿ. ಇನ್ನೊಂದರಲ್ಲಿ ಬರಿಯ ಗಾಳಿ. ನೊಣಗಳು ಯಾವ ಕವಲಿಗೆ ಎಷ್ಟೆಷ್ಟು ಹೋದುವೆಂದು ಎಣಿಸುವುದು ಅವರ ಕೆಲಸ. ಹೀಗೆ ಪರೀಕ್ಷಿಸುತ್ತ ಹೋದಾಗ ವಂಶವಾಹಿಯ ದೋಷದಿಂದ ವಾಸನೆ ತಿಳಿಯದ ನೊಣಗಳು ದೊರೆತುವು. ಅವುಗಳಲ್ಲಿ ಕೆಲವು ಒಂದು ಬಗೆಯ ಗಂಧವನ್ನು ಅರಿಯದಿದ್ದರೂ ಇತರ ಗಂಧಗಳನ್ನು ಚೆನ್ನಾಗಿ ಗುರುತಿಸುತ್ತಿದ್ದುವು. ಬೇರೆ ಬೇರೆ ಗಂಧಗಳಿಗೆ ಬೇರೆ ಬೇರೆ ದಾರಿಗಳಿರಬೇಕು ಎಂಬ ಊಹೆಗೆ ಇದು ಬಲ ಕೊಟ್ಟಿತು. ಗ್ರಾಹಕಗಳ ವಂಶವಾಹಿಗಳು ಪತ್ತೆಯಾಗುವುದಕ್ಕೆ ಹತ್ತು ವರ್ಷಗಳಿಗೂ ಹಿಂದಿನ ಮಾತಿದು.

ರೊಡ್ರಿಗಸ್ ಅಷ್ಟಕ್ಕೇ ನಿಲ್ಲಲಿಲ್ಲ. ದುಡಿಯುವ ನರಕೋಶ ಹೆಚ್ಚು ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ವಿಕಿರಣದಿಂದ ಗುರುತುಮಾಡಿದ ಸಕ್ಕರೆಯಂಥ ದ್ರವ್ಯವನ್ನು ನೊಣಕ್ಕೆ ಕೊಟ್ಟು, ಬೇರೆ ಬೇರೆ ಗಂಧಗಳಿಗೆ ಮಿದುಳಿನ ಬೇರೆ ಬೇರೆ ನರಗೂಡುಗಳು ಎಚ್ಚರಗೊಳ್ಳುವುದನ್ನು 1988ರಲ್ಲಿ ಅವರು ಪ್ರಕಟಿಸಿದರು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನೆಲೆಗೊಂಡ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಸಿದ್ದಿಖಿಯವರು ಸ್ಥಾಪಕ ನಿರ್ದೇಶಕರಾದರು. ಮುಂದೆ ರೊಡ್ರಿಗಸ್ ಅವರೂ ಬೆಂಗಳೂರಿಗೆ ಬಂದರು. ನೊಣದ ಗಂಧವಿದ್ಯೆ ಹೀಗೆ ಕನ್ನಡ ನಾಡಿನಲ್ಲಿ ಬೇರೂರಿತು. ರೊಡ್ರಿಗಸ್ 2010ರಲ್ಲಿಯೂ ಸಿದ್ದಿಖಿ 2013ರಲ್ಲಿಯೂ ತೀರಿಕೊಂಡರು.

ನೊಣದ ಮೂಗು ಅದರ ಕುಡಿಮೀಸೆಯಲ್ಲಿದೆ. ಒಂದೊಂದು ಕುಡಿಮೀಸೆಯಲ್ಲಿ ಸುಮಾರು 1200 ಘ್ರಾಣಕೋಶಗಳು. ಮಿದುಳಿನ ಒಂದೊಂದು ಪಾರ್ಶ್ವದಲ್ಲಿ ಸುಮಾರು 50 ನರಗೂಡುಗಳು. ಏರ್ಪಾಡು ಮನುಷ್ಯನದರಂತೆಯೇ; ಗಾತ್ರ ಮಾತ್ರ ಚಿಕ್ಕದು. ಗೂಡುಗಳಿಂದ ಹೊರಟ ಸುದ್ದಿ ಮುಂದೆ ಎರಡು ಕವಲಾಗುತ್ತದೆ. ಮೊದಲನೆಯದು ಮಿದುಳಿನ ಪಕ್ಕದಲ್ಲಿ ಕೊಂಬಿನಂತಿರುವ ಭಾಗಕ್ಕೆ ಹೋಗುತ್ತದೆ. ಇದು ಮುಖ್ಯವಾಗಿ ಹುಟ್ಟುಗುಣದ ಹಾದಿ. ಎರಡನೆಯದು ಅಣಬೆಯಾಕಾರದ ಭಾಗಕ್ಕೆ ಹೋಗುತ್ತದೆ. ಇದು ಕಲಿಕೆಯ ಹಾದಿ.

ಹುಟ್ಟುಗುಣದ ಹಾದಿಗೆ ಮಣ್ಣಿನ ಕಂಪೇ ಒಳ್ಳೆಯ ನಿದರ್ಶನ. ತಾಳ್ಯದ ಮುದುಕನಿಗೆ ಹಿಗ್ಗು ತಂದ ಜಿಯೋಸ್ಮಿನ್ ಹಣ್ಣಿನ ನೊಣಕ್ಕೆ ಪರಮ ವೈರಿ. ಕಳಿತ ಹಣ್ಣಿನ ಮೇಲೆ ವಿಷಕಾರಿ ಬೂಷ್ಟು, ಸೂಕ್ಷ್ಮಜೀವಿಗಳು ಬೆಳೆದಿವೆ ಎಂಬುದಕ್ಕೆ ಅದು ನೊಣದ ಪಾಲಿಗೆ ಸೂಚನೆ. ನೊಣದ ಒಂದೇ ಬಗೆಯ ಗ್ರಾಹಕ ಈ ದ್ರವ್ಯಕ್ಕಾಗಿಯೇ ಮೀಸಲಾಗಿದೆ. ಆ ಗ್ರಾಹಕದ ಕೋಶಗಳೆಲ್ಲ ಒಂದೇ ನರಗೂಡನ್ನು ಸೇರುತ್ತವೆ ಎಂಬುದು 2012ರಲ್ಲಿ ತಿಳಿದುಬಂತು. ಆ ಒಂದು ಗೂಡು ಎಚ್ಚರಗೊಂಡರೆ ಸಾಕು, ಎದುರಿಗೆ ಎಂಥ ರುಚಿಕರವಾದ ಆಹಾರವಿದ್ದರೂ ನೊಣ ಹಿಂಜರಿಯುತ್ತದೆ. ಮೊಟ್ಟೆಯನ್ನೂ ಅಲ್ಲಿ ಇಡಲೊಲ್ಲದು.

ಅಣು ಒಂದೇ, ಒಬ್ಬನಿಗೆ ಆಹ್ವಾನ, ಇನ್ನೊಂದಕ್ಕೆ ಎಚ್ಚರಿಕೆ. ಅಂದಮೇಲೆ ಅರ್ಥವಿರುವುದು ಅಣುವಿನಲ್ಲಲ್ಲ, ಅದು ತುಳಿಯುವ ಹಾದಿಯಲ್ಲಿ. ಈ ಮಾತನ್ನು 1997ರ ಒಂದು ಪ್ರಯೋಗ ಸ್ಪಷ್ಟವಾಗಿ ತೋರಿಸಿತು. ಅಮೆರಿಕದ ಕಾರ್ನೇಲಿಯಾ ಬಾರ್ಗ್‌ಮನ್ ಅವರ ತಂಡ ಆರಿಸಿಕೊಂಡದ್ದು ಕೇವಲ 302 ನರಕೋಶಗಳುಳ್ಳ, ಒಂದು ಮಿಲಿಮೀಟರು ಉದ್ದದ ಹುಳುವನ್ನು. ಬೆಣ್ಣೆಯ ವಾಸನೆಯ ಒಂದು ದ್ರವ್ಯದತ್ತ ಈ ಹುಳು ಸಹಜವಾಗಿಯೇ ಹರಿದು ಬರುತ್ತದೆ. ಆ ದ್ರವ್ಯವನ್ನು ಹಿಡಿಯುವ ಗ್ರಾಹಕವನ್ನು ವಿಜ್ಞಾನಿಗಳು ಅದರ ಸ್ವಸ್ಥಾನದಿಂದ ತಪ್ಪಿಸಿ, ಹುಳುವನ್ನು ಹಿಮ್ಮೆಟ್ಟಿಸುವ ಬೇರೊಂದು ನರಕೋಶದಲ್ಲಿ ಇರಿಸಿದರು. ಗಂಧ ಅದೇ, ಗ್ರಾಹಕವೂ ಅದೇ. ಆದರೆ ಈಗ ಹುಳು ಆ ವಾಸನೆಯಿಂದ ದೂರ ಓಡಿತು!

ಹಾಗಾದರೆ ಜೀವಿ ತನ್ನ ಹುಟ್ಟುಗುಣದ ಸೆರೆಯಾಳೆ? ಅಲ್ಲ, ಕಲಿಕೆಯ ಹಾದಿಯೂ ಇದೆಯಷ್ಟೆ. 1974ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸೀಮೋರ್ ಬೆಂಜರ್ ಮತ್ತು ಅವರ ಸಹೋದ್ಯೋಗಿಗಳು ಒಂದು ವಾಸನೆಯೊಡನೆ ನೊಣಗಳಿಗೆ ವಿದ್ಯುತ್ತಿನ ಸಣ್ಣ ಆಘಾತವನ್ನು ಕೊಟ್ಟರು. ಅನಂತರ ಆಘಾತವಿಲ್ಲದಿದ್ದರೂ ನೊಣಗಳು ಆ ವಾಸನೆಯನ್ನು ತೊರೆದುವು. ಅಣಬೆಯಾಕಾರದ ಭಾಗಕ್ಕೆ ವಾಸನೆಯ ಸುದ್ದಿಯೊಡನೆ ಸುಖದುಃಖಗಳ ಸುದ್ದಿಯೂ ಬೇರೆ ನರಗಳ ಮೂಲಕ ಬಂದು ಸೇರುತ್ತದೆ. ಎರಡೂ ಒಟ್ಟಿಗೆ ಬಂದಾಗ ಅಲ್ಲಿನ ಸಂಧಿಗಳ ಬಲ ಬದಲಾಗುತ್ತದೆ. ಕಲಿಯುವುದೆಂದರೆ ಹೀಗೆ ಹಾದಿಯನ್ನು ತಿದ್ದುವುದು.

ಕಲಿಕೆಗೆ ಇನ್ನೊಂದು ಮುಖವೂ ಉಂಟು. ಹೊಳಲ್ಕೆರೆ, ಭೀಮಸಮುದ್ರಗಳ ಕಡೆ ಅಡಕೆಯ ಕೊಯ್ಲಿನ ಕಾಲದಲ್ಲಿ ಮನೆಯಂಗಳದ ಹಂಡೆಗಳಲ್ಲಿ ಅಡಕೆ ಬೇಯುತ್ತಿರುತ್ತದೆ. ಹೊರಗಿನಿಂದ ಬಂದ ನೆಂಟರಿಗೆ ಚೊಗರಿನ ವಾಸನೆ ಮೂಗಿಗೆ ಅಡರುತ್ತದೆ. ಮನೆಯವರಿಗೆ ಅದರ ಪರಿವೆಯೇ ಇರುವುದಿಲ್ಲ. ಅವರ ಮೂಗು ಕೆಟ್ಟಿಲ್ಲ. ಅಪಾಯವನ್ನಾಗಲಿ ಲಾಭವನ್ನಾಗಲಿ ತಾರದೆ ಸದಾ ಇರುವ ವಾಸನೆಯನ್ನು ಮಿದುಳು ಬದಿಗಿಡುತ್ತದೆ. ಬೆಂಗಳೂರಿನ ಕೇಂದ್ರದ ಸಂಶೋಧಕರು ರೊಡ್ರಿಗಸ್ ಹಾಗೂ ಮಣಿ ರಾಮಸ್ವಾಮಿಯವರೊಡನೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನೊಣದಲ್ಲಿ ಇದರ ಗುಟ್ಟನ್ನು ಬಿಡಿಸಿತು. ಕೆಲವು ದಿನ ಒಂದೇ ಗಂಧದಲ್ಲಿಟ್ಟ ನೊಣಗಳು ಅದಕ್ಕೆ ಸ್ಪಂದಿಸುವುದನ್ನು ಕಡಮೆಮಾಡಿದುವು. ನರಗೂಡುಗಳ ನಡುವೆ ಹರಡಿಕೊಂಡು ಸುದ್ದಿಯನ್ನು ತಡೆಹಿಡಿಯುವ ನರಕೋಶಗಳ ಹಿಡಿತ ಬಿಗಿಯಾದುದೇ ಇದಕ್ಕೆ ಕಾರಣ. ಹೊಸ ವಾಸನೆಗೆ ದಾರಿ ತೆರವಾಗಿರಲೆಂದು ಹಳೆಯ ವಾಸನೆಗೆ ತಡೆ ಬೀಳುತ್ತದೆ.

ಈ ತಿಳಿವಳಿಕೆ ಪ್ರಯೋಗಶಾಲೆಯಲ್ಲಿಯೇ ಉಳಿಯುವಂಥದಲ್ಲ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ತಾಲ್ಲೂಕುಗಳ ಅನೇಕ ಕುಟುಂಬಗಳು ತೆಂಗಿನ ತೋಟವನ್ನು ನಂಬಿ ಬಾಳುತ್ತಿವೆ. ತೆಂಗಿನ ಶತ್ರುಗಳಲ್ಲಿ ಕೆಂಪು ಮೂತಿ ಹುಳು ಘೋರವಾದುದು. ಅದರ ಮರಿಹುಳುಗಳು ಕಾಂಡದೊಳಗೆ ಸೇರಿ ತಿರುಳನ್ನು ತಿನ್ನುತ್ತವೆ. ಮರ ಹೊರಗೆ ಹಸುರಾಗಿಯೇ ಇದ್ದು ಒಂದು ದಿನ ಸುಳಿಮುರಿದು ಬೀಳುತ್ತದೆ. ಹತ್ತಾರು ವರ್ಷಗಳ ಆರೈಕೆ ಅಲ್ಲಿಗೆ ಮಣ್ಣುಪಾಲು. ಗಾಯಗೊಂಡ ಮರದ ವಾಸನೆಯನ್ನು ಹಿಡಿದೇ ಈ ಹುಳು ಬರುವುದು. ಆದುದರಿಂದ ಹಸಿ ಗರಿಯನ್ನು ಕಾಂಡಕ್ಕೆ ತಾಗಿಸಿ ಕಡಿಯಬಾರದೆಂದು ತಿಳಿದವರು ಹೇಳುತ್ತಾರೆ. ಗಂಡುಹುಳು ತನ್ನ ಬಳಗವನ್ನು ಕರೆಯಲು ಒಂದು ಗಂಧವನ್ನು ಸೂಸುತ್ತದೆ. ಅದೇ ಗಂಧವನ್ನು ಕೃತಕವಾಗಿ ತಯಾರಿಸಿ, ಹುಳಿ ಬಂದ ಹಣ್ಣಿನ ಚೂರುಗಳೊಡನೆ ಬಕೆಟಿನಲ್ಲಿಟ್ಟು ಮರಗಳ ನಡುವೆ ತೂಗುಹಾಕಿದರೆ ಹುಳುಗಳು ತಾವಾಗಿಯೇ ಬಂದು ಬೀಳುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇಂಥ ಬಲೆಗಳನ್ನು ರೈತರಿಗೆ ಪರಿಚಯಿಸಿದೆ. ಒಬ್ಬನೇ ಬಲೆ ಹಾಕಿದರೆ ನೆರೆಯ ತೋಟದ ಹುಳುಗಳೂ ಅವನ ತೋಟದತ್ತ ಬಂದಾವು. ಊರೆಲ್ಲ ಕೂಡಿ ಹಾಕಿದರೆ ಫಲ ಹೆಚ್ಚು. ಹುಳುವಿನ ಕುಡಿಮೀಸೆಯಿಂದ ಅದರ ಮಿದುಳಿಗೆ ಹೋದ ಹಾದಿಯನ್ನು ಅರಿತವನು ವಿಷವನ್ನು ಎರಚುವ ಪ್ರಮೇಯವನ್ನು ಬಹಳಮಟ್ಟಿಗೆ ತಗ್ಗಿಸಬಲ್ಲನು.

ಈ ಹಾದಿ ಕಡಿದುಹೋದರೆ ಏನಾಗುತ್ತದೆಂಬುದನ್ನು 2020ರಲ್ಲಿ ತೊಡಗಿದ ಕೋವಿಡ್ ಮಹಾಮಾರಿ ಕೋಟ್ಯಂತರ ಜನರಿಗೆ ತೋರಿಸಿತು. ಆ ರೋಗಾಣು ಮುಖ್ಯವಾಗಿ ಆಕ್ರಮಿಸಿದ್ದು ಘ್ರಾಣ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾಗಿರುವ ನೆರೆಯ ಕೋಶಗಳನ್ನು. ಆಸರೆ ಕುಸಿದಾಗ ನರಕೋಶಗಳೂ ಕೆಲಸ ನಿಲ್ಲಿಸಿದುವು. ಒಲೆಯ ಮೇಲೆ ಹಾಲು ಸೀದರೂ, ಅನ್ನ ಹಳಸಿದರೂ, ಅಡಿಗೆಯ ಅನಿಲ ಸೋರಿದರೂ ತಿಳಿಯದ ಸ್ಥಿತಿ ಅದು. ಊಟ ರುಚಿಗೆಟ್ಟಿತು, ಎಷ್ಟೋ ಜನರಿಗೆ ಬದುಕೇ ಸಪ್ಪೆಯೆನಿಸಿತು. ಬಹುಮಂದಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ಮಾತ್ರ ಅದು ವಿಕಾರವಾಗಿ ಮರಳಿ, ಕಾಫಿಯೂ ಕೊಳಕೆನಿಸಿತು. ಹೊಸದಾಗಿ ಬೆಳೆದ ತಂತುಗಳು ತಮ್ಮ ಗೂಡುಗಳನ್ನು ಸರಿಯಾಗಿ ಸೇರದಿರುವುದೂ ಇದಕ್ಕೆ ಒಂದು ಕಾರಣವಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಇಲ್ಲದುದರ ಬೆಲೆ ಇದ್ದಾಗ ತಿಳಿಯದು ಎಂಬ ಮಾತು ಮೂಗಿನ ವಿಷಯದಲ್ಲಿ ಪೂರ್ಣ ನಿಜವಾಯಿತು.

ಹಣ್ಣಿನ ನೊಣದ ಮಿದುಳಿನ ಸುಮಾರು 1,39,000 ನರಕೋಶಗಳೂ ಅವುಗಳ ಕೂಡುಹಾದಿಗಳೂ ಒಳಗೊಂಡ ಸಂಪೂರ್ಣ ನಕ್ಷೆ 2024ರಲ್ಲಿ ಪ್ರಕಟವಾಯಿತು. ಗಾಜಿನ ಕೊಳವೆಯ ಎರಡು ಕವಲುಗಳಲ್ಲಿ ನೊಣಗಳನ್ನು ಎಣಿಸುತ್ತ ಕುಳಿತವರ ಶ್ರಮಕ್ಕೂ ಆ ನಕ್ಷೆಗೂ ನಂಟಿದೆ. ದಾರಿಗಳು ಬೇರೆ ಬೇರೆ ಇರಬೇಕೆಂದು ಅವರು ಊಹಿಸಿದರು; ಈಗ ಒಂದೊಂದು ದಾರಿಯನ್ನೂ ಬೆರಳಿಟ್ಟು ತೋರಿಸಬಹುದಾಗಿದೆ.

ತಾಳ್ಯದ ಮುದುಕನ ಮೂಗು ಮಣ್ಣಿನ ಕಂಪನ್ನು ಹಿಡಿಯಬಲ್ಲದ್ದು ಅವನ ವಂಶದಿಂದ ಬಂದ ವರ. ಅದು ಮಳೆಯೆಂದೂ, ಬಿತ್ತನೆಯೆಂದೂ, ಬರ ನೀಗಿತೆಂದೂ ಅವನಿಗೆ ತಿಳಿದದ್ದು ಅವನು ಉತ್ತು ಬಿತ್ತಿದ ವರ್ಷಗಳಿಂದ. ಅವನ ಪಕ್ಕದಲ್ಲಿ ಕುಳಿತ ಮೊಮ್ಮಗನಿಗೂ ಅದೇ ಗಾಳಿ, ಅದೇ ಕಂಪು ತಾಗುತ್ತದೆ. ತಾತ ತಲೆಯೆತ್ತಿದ್ದನ್ನೂ ಅಪ್ಪ ಕೂರಿಗೆ ತೆಗೆದದ್ದನ್ನೂ ಹುಡುಗ ನೋಡುತ್ತಾನೆ. ಅವನ ಪುಟ್ಟ ಮಿದುಳಿನಲ್ಲಿ ಮಣ್ಣಿನ ಕಂಪಿಗೂ ಮಳೆಗೂ ನಡುವೆ ಒಂದು ಹಾದಿ ಆಗ ತಾನೇ ಸವೆಯತೊಡಗಿರುತ್ತದೆ.